ಚಂದ್ರನ ನೀರನ್ನು ಕಂಡ ಅವಕೆಂಪು ಉಪಕರಣ ನಮ್ಮ ಹೊಲದ ನೀರನ್ನು ಕಾಣಬಲ್ಲದೇ?

ಓದುಗರ ಪ್ರಶ್ನೆ: ನನ್ನದು ಗದಗ ಜಿಲ್ಲೆಯ ಮುಂಡರಗಿ ತಾಲೂಕು. ಕಪ್ಪತಗುಡ್ಡದ ಸೆರಗಿನಲ್ಲಿ ನಾಲ್ಕು ಎಕರೆ ಹೊಲವಿದೆ. ಮಗಳು ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಾಳೆ, ಚಂದ್ರಯಾನ-2ರ ಇನ್‌ಫ್ರಾರೆಡ್ ಉಪಕರಣದ ಮಾಹಿತಿ ಇಟ್ಟುಕೊಂಡು ಪ್ರಾಜೆಕ್ಟ್ ಮಾಡುತ್ತೇನೆ ಎನ್ನುತ್ತಾಳೆ. ಅವಳು ತೋರಿಸಿದ ಚಂದ್ರನ ಚಿತ್ರದಲ್ಲಿ ನೀಲಿ ಬಣ್ಣವಿದ್ದಲ್ಲಿ ನೀರಿದೆಯಂತೆ. ಇತ್ತ ನಮ್ಮೂರಿಗೆ ಬಂದ ಒಬ್ಬರು, ‘ಇಸ್ರೋ ಚಂದ್ರನ ಮೇಲೆ ನೀರು ಹುಡುಕಿದ್ದು ಇದೇ ವಿದ್ಯೆಯಿಂದ, ಅದೇ ಸ್ಯಾಟಲೈಟ್ ಸ್ಕ್ಯಾನ್‌ನಿಂದ ನಿಮ್ಮ ಹೊಲದ ಬೋರ್ ಪಾಯಿಂಟ್ ತೋರಿಸುತ್ತೇನೆ, ಗುಡ್ಡದಲ್ಲಿ ಚಿನ್ನ ಎಲ್ಲಿದೆ ಎಂಬುದನ್ನೂ ಹೇಳಬಲ್ಲೆ’ ಎಂದು ಹಣ ಕೇಳುತ್ತಿದ್ದಾರೆ. ಈಗಾಗಲೇ ಎರಡು ಬೋರು ಫೇಲಾಗಿವೆ. ನೂರು ಕಿಲೋಮೀಟರ್ ಎತ್ತರದಿಂದ ಚಂದ್ರನ ನೀರು ಕಂಡದ್ದು ನಿಜವಾದರೆ ಇವರು ಹೇಳುವುದೂ ನಿಜವಿರಬೇಕಲ್ಲವೇ? ಇವರದು ಸುಳ್ಳಾದರೆ, ಕಲ್ಲು ಮುಟ್ಟದೆ ಕಂಪ್ಯೂಟರ್ ಮುಂದೆ ಕುಳಿತು ಮಗಳು ಮಾಡುವ ಪ್ರಾಜೆಕ್ಟಿಗೆ ಬೆಲೆ ಏನು? ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಹಣದ ಮಾತು ಮೊದಲು. ದಯವಿಟ್ಟು ಕೊಡಬೇಡಿ. ಚಂದ್ರನ ಮೇಲೆ ನೀರಿನ ಅಂಶ ಕಂಡದ್ದು ನಿಜ, ನಿಮ್ಮ ಊರಿಗೆ ಬಂದವರ ಮಾತು ನಿಜವಲ್ಲ, ಮತ್ತು ಈ ಎರಡಕ್ಕೂ ಕಾರಣ ಒಂದೇ. ಅವಕೆಂಪು (ಇನ್‌ಫ್ರಾರೆಡ್) ಕಿರಣ ನೆಲದ ಚರ್ಮವನ್ನು ಮಾತ್ರ ಓದುತ್ತದೆ. ಚರ್ಮದ ಕೆಳಗೆ ಏನಿದೆ ಎಂಬುದನ್ನು ಅದು ನೇರವಾಗಿ ಹೇಳಲಾರದು. ಕೆಲವೊಮ್ಮೆ ಬಿಸಿ-ತಂಪಿನ ಲೆಕ್ಕದಿಂದ ಕೆಲವು ಸೆಂಟಿಮೀಟರಿನಷ್ಟು ಊಹಿಸಲು ಬಿಡುತ್ತದೆ, ಅಷ್ಟೇ. ಕಲ್ಲು ಮತ್ತು ಮಣ್ಣಿನ ರೋಹಿತಗಳನ್ನು (ತರಂಗಾಂತರಗಳಾಗಿ ಬಿಡಿಸಿದ ಬೆಳಕನ್ನು) ಓದುವುದೇ ನನ್ನ ಕಸುಬಾದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನಿಮ್ಮ ಮಗಳ ಪ್ರಾಜೆಕ್ಟಿನ ಬಗೆಗೆ ನೀವು ಕೇಳಿರುವ ಪ್ರಶ್ನೆಗೂ ಉತ್ತರ ಇದರೊಳಗೇ ಇದೆ.

ನಮ್ಮ ಕಣ್ಣು ಸುಮಾರು 0.4ರಿಂದ 0.7 ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ತರಂಗಾಂತರದ ಬೆಳಕನ್ನು ಕಾಣುತ್ತದೆ. ಅದರಾಚೆ ಇರುವುದು ಅವಕೆಂಪು. ಸೂರ್ಯನ ಬೆಳಕಿನಲ್ಲಿ ಇದೂ ಧಾರಾಳವಾಗಿದೆ. ಅದು ಕಲ್ಲಿನ ಮೇಲೆ ಬಿದ್ದು ಮರಳುವಾಗ ಕಲ್ಲಿನಲ್ಲಿರುವ ಖನಿಜಗಳು ತಮಗೆ ಒಗ್ಗುವ ಕೆಲವು ತರಂಗಾಂತರಗಳನ್ನು ಹೀರಿಕೊಳ್ಳುತ್ತವೆ, ಉಳಿದದ್ದನ್ನು ಹಿಂತಿರುಗಿಸುತ್ತವೆ. ನೌಕೆಯಲ್ಲಿರುವ ರೋಹಿತಮಾಪಕ ಮರಳಿ ಬಂದ ಬೆಳಕನ್ನು ನೂರಾರು ಸಣ್ಣ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯಲ್ಲಿ ಎಷ್ಟು ಬೆಳಕು ಬಂದಿತೆಂದು ಅಳೆಯುತ್ತದೆ. ಆ ಅಳತೆಗಳನ್ನು ಸಾಲಾಗಿ ಜೋಡಿಸಿದರೆ ಒಂದು ವಕ್ರರೇಖೆ ಸಿಗುತ್ತದೆ, ಅದರಲ್ಲಿ ಖನಿಜ ಬೆಳಕನ್ನು ಹೀರಿಕೊಂಡಲ್ಲೆಲ್ಲ ತಗ್ಗುಗಳಿರುತ್ತವೆ. ಬಸಾಲ್ಟ್ ಶಿಲೆಯಲ್ಲಿರುವ ಪೈರಾಕ್ಸೀನ್ ಎಂಬ ಖನಿಜ 1 ಮತ್ತು 2 ಮೈಕ್ರೋಮೀಟರ್ ಆಸುಪಾಸಿನಲ್ಲಿ ಎರಡು ತಗ್ಗುಗಳನ್ನು ತೋರಿಸುತ್ತದೆ. ಆಲಿವೀನ್ ಎಂಬ ಇನ್ನೊಂದು ಖನಿಜ 1 ಮೈಕ್ರೋಮೀಟರಿನ ಬಳಿ ಒಂದೇ ಅಗಲವಾದ ತಗ್ಗನ್ನು ತೋರಿಸುತ್ತದೆ. ಖನಿಜ ಯಾವುದೆಂದು ಹೇಳುವುದು ಈ ತಗ್ಗುಗಳ ಸ್ಥಾನ, ಆಳ ಮತ್ತು ಆಕಾರ. ಉಪಕರಣದಿಂದ ಹೊರಬರುವ ಮೂಲ ದಾಖಲೆಯಲ್ಲಿ ಬಣ್ಣ ಎಂಬುದೇ ಇಲ್ಲ, ಸಂಖ್ಯೆಗಳು ಮಾತ್ರ ಇವೆ.

ಇದನ್ನು ನಮ್ಮ ಸೀಮೆಯಲ್ಲೇ ಪರೀಕ್ಷಿಸಿ ನೋಡಬಹುದು. ನವಲಗುಂದ, ನರಗುಂದ, ರೋಣದ ಕಡೆಯ ಎರೆ ಮಣ್ಣಿನಲ್ಲಿ ಸ್ಮೆಕ್ಟೈಟ್ ಎಂಬ ಗುಂಪಿನ ಜೇಡಿ ಖನಿಜ ಹೆಚ್ಚು. ಮಳೆಗಾಲದಲ್ಲಿ ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಒಂದು ಹಿಡಿ ಎರೆ ಮಣ್ಣನ್ನು ಪುಡಿ ಮಾಡಿ ಪ್ರಯೋಗಾಲಯದ ರೋಹಿತಮಾಪಕದ ಕೆಳಗೆ ಇಟ್ಟರೆ 1.4, 1.9 ಮತ್ತು 2.2 ಮೈಕ್ರೋಮೀಟರ್ ಬಳಿ ಮೂರು ತಗ್ಗುಗಳು ಕಾಣುತ್ತವೆ. ಅದೇ ಮಣ್ಣನ್ನು ಒಲೆಯಲ್ಲಿ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಕಾಯಿಸಿ, ಆರುವ ಮೊದಲೇ ಮತ್ತೆ ಅಳೆದರೆ 1.9ರ ತಗ್ಗು ಆಳ ಕಳೆದುಕೊಳ್ಳುತ್ತದೆ, 2.2ರದು ಹಾಗೆಯೇ ಉಳಿಯುತ್ತದೆ. 1.9ರದು ಪದರಗಳ ನಡುವೆ ಸಿಕ್ಕಿಕೊಂಡ ನೀರಿನ ಅಣುವಿನ ಗುರುತು. 2.2ರದು ಅಲ್ಯೂಮಿನಿಯಂಗೆ ಅಂಟಿಕೊಂಡು ಖನಿಜದ ಮೈಯಲ್ಲೇ ಕಟ್ಟಲ್ಪಟ್ಟ ಹೈಡ್ರಾಕ್ಸಿಲ್‌ನ (ಒಂದು ಆಮ್ಲಜನಕ, ಒಂದು ಜಲಜನಕದ ಜೋಡಿಯ) ಗುರುತು. ಇದನ್ನು ಓಡಿಸಬೇಕಾದರೆ ನೂರಾರು ಡಿಗ್ರಿ ಶಾಖ ಬೇಕು. ಮಂಗಳ ಗ್ರಹದಲ್ಲಿ ಜೇಡಿ ಖನಿಜಗಳಿವೆ ಎಂದು ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯ ಒಮೆಗಾ ಮತ್ತು ಮಾರ್ಸ್ ರಿಕನೈಸೆನ್ಸ್ ಆರ್ಬಿಟರ್‌ನ ಕ್ರಿಸಂ ಉಪಕರಣಗಳು ಹೇಳಿದ್ದು ಈ ಜಾತಿಯ ತಗ್ಗುಗಳನ್ನು ನೋಡಿಯೇ.

ಹೈಡ್ರಾಕ್ಸಿಲ್ ಬೇರೆ, ನೀರು ಬೇರೆ ಎಂಬ ಈ ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಚಂದ್ರನ ವಿಷಯ ಸುಲಭವಾಗುತ್ತದೆ. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿ ಅಮೆರಿಕದ ‘ಮೂನ್ ಮಿನರಾಲಜಿ ಮ್ಯಾಪರ್’ ಎಂಬ ರೋಹಿತಮಾಪಕವಿತ್ತು. ಅದರ ದೃಷ್ಟಿ 3 ಮೈಕ್ರೋಮೀಟರಿಗೆ ನಿಲ್ಲುತ್ತಿತ್ತು. ಅದು 2.8ರಿಂದ 3.0ರ ನಡುವೆ ಚಂದ್ರನ ಮೇಲ್ಮೈಯಲ್ಲಿ ತಗ್ಗನ್ನು ಕಂಡಿತು. ಧ್ರುವಗಳ ಕಡೆಗೆ ಹೋದಂತೆ ಅದು ಹೆಚ್ಚು ಸ್ಪಷ್ಟವಾಗಿತ್ತು. 2009ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಸುದ್ದಿ ಇದೇ. ಆದರೆ ಈ ತರಂಗಾಂತರದಲ್ಲಿ ಹೈಡ್ರಾಕ್ಸಿಲ್ ಮತ್ತು ನೀರು ಎರಡರ ಗುರುತುಗಳೂ ಒಂದರ ಮೇಲೊಂದು ಬೀಳುತ್ತವೆ. ನೀರಿನ ಅಣುವಿಗೆ ಮಾತ್ರ ಸೇರಿದ ಗುರುತು 6 ಮೈಕ್ರೋಮೀಟರಿನ ಬಳಿ ಇದೆ. ಅದನ್ನು ವಿಮಾನದಲ್ಲಿ ಕೂರಿಸಿದ್ದ ಸೋಫಿಯಾ ದೂರದರ್ಶಕ ಕ್ಲೇವಿಯಸ್ ಕುಳಿಯ ಬಳಿ ಕಂಡುಹಿಡಿಯಿತು ಎಂದು 2020ರಲ್ಲಿ ವರದಿಯಾಯಿತು. ಪ್ರಮಾಣ ಎಷ್ಟು ಗೊತ್ತೇ? ಒಂದು ಟನ್ ಮಣ್ಣಿಗೆ ಸುಮಾರು 100ರಿಂದ 412 ಗ್ರಾಂ. ನಮ್ಮ ಬೇಸಿಗೆಯ ಒಣ ಎರೆ ಹೊಲದಲ್ಲಿ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ನೀರಿರುತ್ತದೆ. ಧ್ರುವಗಳ ಬಳಿ ಎಂದೂ ನೇರ ಬಿಸಿಲು ಬೀಳದ ಕುಳಿಗಳಲ್ಲಿ ನಿಜವಾದ ಮಂಜುಗಡ್ಡೆಯ ಗುರುತು ಇದೆ ಎಂದು ಅದೇ ಚಂದ್ರಯಾನ-1ರ ದಾಖಲೆಗಳಿಂದ 2018ರಲ್ಲಿ ತೋರಿಸಲಾಯಿತು. ಅಲ್ಲಿಯೂ ಕಂಡದ್ದು ಮೇಲ್ಮೈಗೆ ತೆರೆದುಕೊಂಡ ಹಿಮ ಮಾತ್ರ.

ಹಾಗಾಗಿ ಮಗಳು ತೋರಿಸಿದ ಚಿತ್ರದ ನೀಲಿ ಬಣ್ಣ ಕೆರೆಯಲ್ಲ, ತೇವವೂ ಅಲ್ಲ. 3 ಮೈಕ್ರೋಮೀಟರ್ ಬಳಿಯ ತಗ್ಗು ಎಲ್ಲಿ ಆಳವಾಗಿದೆಯೋ ಅಲ್ಲಿಗೆ ಯಾರೋ ಒಬ್ಬರು ನೀಲಿ ಬಣ್ಣವನ್ನು ಆಯ್ದುಕೊಂಡಿದ್ದಾರೆ. ಹಳದಿ ಆಯ್ದುಕೊಂಡಿದ್ದರೂ ವಿಜ್ಞಾನ ಬದಲಾಗುತ್ತಿರಲಿಲ್ಲ. ಇದರಲ್ಲಿ ಮೋಸವಿಲ್ಲ, ಆದರೆ ನೀಲಿ ಎಂದ ಕೂಡಲೇ ಕಣ್ಣು ನೀರನ್ನೇ ಕಲ್ಪಿಸಿಕೊಳ್ಳುತ್ತದೆ. ಈ ಕಾರಣಕ್ಕೆ ನಕ್ಷೆಯ ಪಕ್ಕದ ಅಳತೆಪಟ್ಟಿಯನ್ನು ಓದದೆ ಅದರ ಬಗ್ಗೆ ಮಾತನಾಡಬಾರದು ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ.

ಈಗ ಆಳದ ಪ್ರಶ್ನೆ. ಪ್ರತಿಫಲಿಸಿ ಬರುವ ಅವಕೆಂಪು ಕಿರಣ ಮಣ್ಣಿನ ಕಣಗಳ ನಡುವೆ ಹೆಚ್ಚೆಂದರೆ ಒಂದೆರಡು ಮಿಲಿಮೀಟರ್ ಹೊಕ್ಕು ಹೊರಬರುತ್ತದೆ. ಬಲವಾದ ಹೀರಿಕೆ ಇರುವ ತರಂಗಾಂತರಗಳಲ್ಲಿ ಅಷ್ಟೂ ಇಲ್ಲ. ಮಂಗಳದ ಮೇಲೆ ತೆಳುವಾದ ಧೂಳಿನ ಹೊದಿಕೆ ಬಿದ್ದರೂ ಕೆಳಗಿನ ಬಂಡೆ ಈ ಉಪಕರಣಗಳಿಗೆ ಮರೆಯಾಗಿಬಿಡುತ್ತದೆ. ಬೋರು ಕೊರೆಸುವುದು ನೂರಾರು ಅಡಿಗೆ. ಅಷ್ಟು ಆಳದ ಬಂಡೆಯ ಬಿರುಕಿನಲ್ಲಿರುವ ನೀರಿನಿಂದ ಒಂದೇ ಒಂದು ಅವಕೆಂಪು ಕಿರಣವೂ ಮೇಲೆ ಬರುವುದಿಲ್ಲ.

ಅವಕೆಂಪು ಉಪಕರಣಗಳಲ್ಲಿ ಇನ್ನೊಂದು ವರ್ಗವಿದೆ, ನಿಮ್ಮ ಊರಿಗೆ ಬಂದವರು ಹೆಸರು ಹೇಳುವುದು ಬಹುಶಃ ಇದರದ್ದೇ. ಪ್ರತಿ ವಸ್ತುವೂ ತನ್ನ ಬಿಸಿಗೆ ತಕ್ಕಂತೆ ತಾನೇ ಕಿರಣ ಹೊರಸೂಸುತ್ತದೆ. ಸೂರ್ಯನ ಹೊರಮೈಯಂತೆ ಕಾದದ್ದು 0.5 ಮೈಕ್ರೋಮೀಟರ್ ಬಳಿ, ನಡುಹಗಲಿನ ಚಂದ್ರ 7-8ರ ಬಳಿ, ನಮ್ಮ ಹೊಲದ ನೆಲ 10ರ ಆಸುಪಾಸಿನಲ್ಲಿ, ಚಳಿಯ ಮಂಗಳ 13ರ ಸುತ್ತ ಅತಿ ಹೆಚ್ಚು ಹೊರಸೂಸುತ್ತವೆ. ಇದನ್ನು ಅಳೆಯುವುದು ಉಷ್ಣ ಅವಕೆಂಪು ಉಪಕರಣ. ನಮ್ಮ ಮಂಗಳಯಾನದಲ್ಲಿ 7ರಿಂದ 13 ಮೈಕ್ರೋಮೀಟರ್ ನೋಡುವ ಇಂಥದ್ದೊಂದು ಇತ್ತು; ಮಾರ್ಸ್ ಒಡಿಸ್ಸಿ ನೌಕೆಯ ಥೆಮಿಸ್ ಉಪಕರಣ 2002ರಿಂದ ಇದೇ ಕೆಲಸವನ್ನು 100 ಮೀಟರ್ ವಿವರದಲ್ಲಿ ಮಾಡುತ್ತ ಬಂದಿದೆ. ಕಪ್ಪತಗುಡ್ಡದ ಬಂಡೆ ಹೊತ್ತು ಮುಳುಗಿದ ಮೇಲೂ ಬಹಳ ಹೊತ್ತು ಬೆಚ್ಚಗಿರುವುದನ್ನು, ಅದರ ಬುಡದ ಸಡಿಲ ಮಣ್ಣು ಬೇಗ ತಣ್ಣಗಾಗುವುದನ್ನು ನೀವು ಕೈಯಿಟ್ಟು ನೋಡಿರುತ್ತೀರಿ. ಗ್ರಹದ ಒಂದೇ ಜಾಗವನ್ನು ಹಗಲು ಒಮ್ಮೆ, ರಾತ್ರಿ ಒಮ್ಮೆ ಅಳೆದು, ಈ ಏರಿಳಿತದಿಂದ ಅಲ್ಲಿ ಬಂಡೆಯಿದೆಯೋ ಧೂಳಿದೆಯೋ ಎಂದು ಲೆಕ್ಕ ಹಾಕುತ್ತಾರೆ. ಇದಕ್ಕೆ ಉಷ್ಣ ಜಡತ್ವ ಎನ್ನುತ್ತಾರೆ. ಚರ್ಮದ ಕೆಳಗಿನದನ್ನು ಊಹಿಸುವ ದಾರಿ ಇದೊಂದೇ, ಮತ್ತು ಒಂದು ಹಗಲು-ರಾತ್ರಿಯ ಬಿಸಿ ಇಳಿಯುವ ಆಳ ಮಾತ್ರ ಅದರ ಮಿತಿ. ಚಂದ್ರನಲ್ಲಿ ಅದು ಕೆಲವೇ ಸೆಂಟಿಮೀಟರ್. 2023ರ ಆಗಸ್ಟಿನಲ್ಲಿ ಇಳಿದ ಚಂದ್ರಯಾನ-3ರ ಚಾಸ್ಟೆ ಎಂಬ ಉಷ್ಣಶೋಧಕ ನೆಲಕ್ಕೆ ಚುಚ್ಚಿ ನೋಡಿದಾಗ ಮೇಲ್ಮೈ ಕೈ ಸುಡುವಂತಿದ್ದರೆ, 8 ಸೆಂಟಿಮೀಟರ್ ಕೆಳಗೆ ಉಷ್ಣತೆ ಶೂನ್ಯಕ್ಕಿಂತ ಸುಮಾರು 10 ಡಿಗ್ರಿ ಕೆಳಗಿತ್ತು.

ಇಷ್ಟು ನಿಯಮಬದ್ಧವಾದ ಲೆಕ್ಕವೂ ದಾರಿ ತಪ್ಪಿಸಬಹುದು. ಬೆನ್ನು ಎಂಬ ಕ್ಷುದ್ರಗ್ರಹದ ಉಷ್ಣ ಜಡತ್ವ ಕಡಿಮೆ ಎಂದು ದೂರದಿಂದಲೇ ಸರಿಯಾಗಿ ಅಳೆಯಲಾಗಿತ್ತು. ಅಲ್ಲಿ ಸಣ್ಣ ಹರಳು ಹರಡಿದ ನಯವಾದ ನೆಲವಿರಬೇಕೆಂದು ನಿರೀಕ್ಷಿಸಿದ್ದರು. 2018ರ ಡಿಸೆಂಬರಿನಲ್ಲಿ ಒಸಿರಿಸ್-ರೆಕ್ಸ್ ನೌಕೆ ಹತ್ತಿರ ಹೋಗಿ ನೋಡಿದರೆ ಎಲ್ಲೆಲ್ಲೂ ಬಂಡೆಗಳು. ಅಳತೆ ತಪ್ಪಿರಲಿಲ್ಲ. ಬಂಡೆಗಳೇ ರಂಧ್ರಮಯವಾಗಿದ್ದವು, ಆದ್ದರಿಂದ ಅವು ಸಡಿಲ ಹರಳಿನಂತೆ ಬಿಸಿಯಾಗಿ ತಣಿಯುತ್ತಿದ್ದವು. ಒಂದೇ ಸಂಖ್ಯೆಗೆ ಎರಡು ಅರ್ಥಗಳಿದ್ದವು. ದೊಡ್ಡ ತಂಡ, ಉತ್ತಮ ಉಪಕರಣ, ಗಾಳಿಯೇ ಇಲ್ಲದ ಆಕಾಶಕಾಯ ಇದ್ದೂ ಹೀಗಾದರೆ, ಗಾಳಿ, ತೇವ, ಬೆಳೆ, ನೆರಳು ಎಲ್ಲ ಇರುವ ಹೊಲದಲ್ಲಿ ಒಂದು ತಂಪು ಚುಕ್ಕೆಯನ್ನು ತೋರಿಸಿ ‘ಇಲ್ಲಿ ನೀರು’ ಎನ್ನುವುದಕ್ಕೆ ಆಧಾರವೇ ಇಲ್ಲ.

ಅವರಿಗೆ ಒಂದು ಪ್ರಶ್ನೆ ಕೇಳಿ: ಯಾವ ಉಪಗ್ರಹದ ಚಿತ್ರ, ಅದರ ಒಂದು ಚೌಕ (ಪಿಕ್ಸೆಲ್) ನೆಲದ ಮೇಲೆ ಎಷ್ಟು ದೊಡ್ಡದು? ಉಚಿತವಾಗಿ ಸಿಗುವ ಲ್ಯಾಂಡ್‌ಸ್ಯಾಟ್ 8ರ ಉಷ್ಣ ಅವಕೆಂಪು ಚಿತ್ರದಲ್ಲಿ ಉಪಕರಣ ಅಳೆಯುವ ಚೌಕ 100 ಮೀಟರ್ ಉದ್ದ, 100 ಮೀಟರ್ ಅಗಲ, ಅಂದರೆ ಒಂದು ಹೆಕ್ಟೇರ್, ಸುಮಾರು ಎರಡೂವರೆ ಎಕರೆ. ನಿಮ್ಮ ಇಡೀ ಹೊಲಕ್ಕೆ ಎರಡು ಚೌಕವೂ ತುಂಬುವುದಿಲ್ಲ. ಇದರಲ್ಲಿ ಕೊರೆಯುವ ಜಾಗವನ್ನು ಗುರುತಿಸುತ್ತೇನೆ ಎನ್ನುವುದು ಅಸಾಧ್ಯದ ಮಾತು. ಚಿನ್ನದ ಮಾತೂ ಅಂಥದ್ದೇ. ಗದಗ ಸೀಮೆಯಲ್ಲಿ ಚಿನ್ನವಿರುವುದು ನಿಜ, ಬ್ರಿಟಿಷರ ಕಾಲದಲ್ಲಿ ಗಣಿ ತೋಡಿದ್ದೂ ನಿಜ. ಆದರೆ ಲೋಹರೂಪದ ಚಿನ್ನಕ್ಕೆ ಅವಕೆಂಪಿನಲ್ಲಿ ಗುರುತಿಸಬಹುದಾದ ತಗ್ಗೇ ಇಲ್ಲ, ಮತ್ತು ಅದು ಟನ್ನಿಗೆ ಗ್ರಾಂ ಲೆಕ್ಕದಲ್ಲಿ ಬೆಣಚುಕಲ್ಲಿನ ಎಳೆಗಳಲ್ಲಿ ಅಡಗಿರುತ್ತದೆ. ಭೂವಿಜ್ಞಾನಿಗಳು ನೋಡುವುದು ಆ ಎಳೆಗಳ ಸುತ್ತ ಬಂಡೆ ರೂಪಾಂತರಗೊಂಡು ಹುಟ್ಟಿದ ಅಭ್ರಕ ಮತ್ತು ಕಾರ್ಬೊನೇಟ್ ಖನಿಜಗಳನ್ನು. ಅವು ಕಂಡರೂ ಚಿನ್ನವಿದೆ ಎಂದಲ್ಲ, ಹೋಗಿ ಮಾದರಿ ತರಬೇಕೆಂದು ಮಾತ್ರ ಅರ್ಥ.

ಹಾಗೆಂದು ಉಪಗ್ರಹಕ್ಕೂ ಅಂತರ್ಜಲಕ್ಕೂ ಸಂಬಂಧವೇ ಇಲ್ಲವೆನ್ನಲಾರೆ. ಉದ್ದನೆಯ ಬಿರುಕು ರೇಖೆಗಳು, ಹಳ್ಳಗಳ ದಿಕ್ಕು, ಬಂಡೆಯ ಬಗೆ ಇವುಗಳನ್ನು ಉಪಗ್ರಹ ಚಿತ್ರದಿಂದ ಗುರುತಿಸಿ ನೀರಿನ ಸಾಧ್ಯತೆಯ ನಕ್ಷೆ ಮಾಡುತ್ತಾರೆ. ಅದು ಊರಿನ ಮಟ್ಟಕ್ಕೆ ಉಪಯುಕ್ತ. ಹೊಲದ ಮಟ್ಟಕ್ಕೆ ನೆಲದಲ್ಲಿ ಸರಳು ನೆಟ್ಟು ವಿದ್ಯುತ್ ಹಾಯಿಸಿ ರೋಧಕತೆ ಅಳೆಯುವ ಸಮೀಕ್ಷೆಯೇ ಮೇಲು. ಅದನ್ನೂ ಅರ್ಹ ಭೂವಿಜ್ಞಾನಿಯಿಂದ ಮಾಡಿಸಿ, ಜಿಲ್ಲೆಯ ಅಂತರ್ಜಲ ಕಚೇರಿಯಲ್ಲಿ ಸುತ್ತಲಿನ ಬಾವಿಗಳ ದಾಖಲೆ ಕೇಳಿ. ನಮ್ಮ ಗಟ್ಟಿ ಶಿಲೆಯ ನಾಡಿನಲ್ಲಿ ಇಷ್ಟೆಲ್ಲ ಮಾಡಿಯೂ ಬೋರು ಒಣಗಬಹುದು. ಖಾತರಿ ಕೊಡುವವರನ್ನು ನಂಬಬೇಡಿ. ಹಿಂದಿನ ಎರಡು ಬೋರುಗಳಲ್ಲಿ ಎಷ್ಟು ಅಡಿಗೆ ಯಾವ ಕಲ್ಲು ಬಂತು ಎಂಬ ನೆನಪಿದ್ದರೆ ಬರೆದು ಮಗಳಿಗೆ ಕೊಡಿ, ಯಾವ ಸ್ಕ್ಯಾನಿಗಿಂತಲೂ ಅದು ಹೆಚ್ಚು ಬೆಲೆಯುಳ್ಳದ್ದು.

ಮಗಳ ಪ್ರಾಜೆಕ್ಟಿಗೆ ಬರುತ್ತೇನೆ. ಅದು ಗಟ್ಟಿ ವಿಜ್ಞಾನ, ಸಂಶಯ ಬೇಡ. ಚಂದ್ರಯಾನ-2ರ ಐಐಆರ್‌ಎಸ್ ಎಂಬ ಅವಕೆಂಪು ರೋಹಿತಮಾಪಕ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕೆಗಳ ಕೇಂದ್ರದಲ್ಲಿ ತಯಾರಾದದ್ದು. 0.8ರಿಂದ 5 ಮೈಕ್ರೋಮೀಟರ್‌ವರೆಗೆ ಸುಮಾರು 250 ಪಟ್ಟಿಗಳಲ್ಲಿ, 100 ಕಿಲೋಮೀಟರ್ ಎತ್ತರದಿಂದ 80 ಮೀಟರ್ ವಿವರದಲ್ಲಿ ನೋಡುತ್ತದೆ. ಆ 5 ಎಂಬ ಸಂಖ್ಯೆಯಲ್ಲಿ ಇಡೀ ಕಥೆಯಿದೆ. ನಡುಹಗಲಿನಲ್ಲಿ ಕಾದ ಚಂದ್ರನ ನೆಲ 2 ಮೈಕ್ರೋಮೀಟರಿನಿಂದ ಆಚೆಗೆ ತನ್ನದೇ ಶಾಖಕಿರಣವನ್ನು ಪ್ರತಿಫಲಿತ ಬೆಳಕಿಗೆ ಬೆರೆಸಲು ಆರಂಭಿಸುತ್ತದೆ. ನೀರಿನ ತಗ್ಗು ಇರುವ 3ರ ಬಳಿ ಈ ಬೆರಕೆ ಗಣನೀಯ. ಹೀಗೆ ಬೆರೆತ ಶಾಖದ ಬೆಳಕು ತಗ್ಗನ್ನು ಮುಚ್ಚಿಬಿಡುತ್ತದೆ. ಅದನ್ನು ಕಳೆಯದೆ ನೋಡಿದರೆ ಮಧ್ಯಾಹ್ನ ನೀರೇ ಇಲ್ಲವೆನಿಸುತ್ತದೆ, ಹೆಚ್ಚು ಕಳೆದರೆ ಇಲ್ಲದ ನೀರು ಹುಟ್ಟುತ್ತದೆ. ಚಂದ್ರಯಾನ-1ರ ಉಪಕರಣ 3ಕ್ಕೇ ನಿಂತದ್ದರಿಂದ ನೆಲದ ಉಷ್ಣತೆಯನ್ನು ಅದರಿಂದಲೇ ತಿಳಿಯುವುದು ಕಷ್ಟವಾಯಿತು. ಅದೇ ದಾಖಲೆಗಳಿಂದ 2017ರಲ್ಲಿ ಒಂದು ತಂಡ ನೀರಿನ ಗುರುತು ಅಕ್ಷಾಂಶ ಮತ್ತು ಹೊತ್ತಿನೊಂದಿಗೆ ಬದಲಾಗುತ್ತದೆ ಎಂದರೆ, 2018ರಲ್ಲಿ ಇನ್ನೊಂದು ತಂಡ ಬೇರೆ ರೀತಿಯಲ್ಲಿ ಶಾಖವನ್ನು ಕಳೆದು, ಅದು ಎಲ್ಲೆಡೆ, ಎಲ್ಲ ಹೊತ್ತಿನಲ್ಲೂ ಇದೆ ಎಂದಿತು. 4 ಮೈಕ್ರೋಮೀಟರಿನ ಆಚೆ ಹಗಲಿನ ಚಂದ್ರನಿಂದ ಬರುವುದು ಹೆಚ್ಚಾಗಿ ಅವನ ಸ್ವಂತ ಶಾಖವಾದ್ದರಿಂದ, ಐಐಆರ್‌ಎಸ್ ತನ್ನ ಅಳತೆಯಿಂದಲೇ ಉಷ್ಣತೆ ಕಂಡುಕೊಂಡು ಅದನ್ನು ಕಳೆಯಬಲ್ಲದು. ನಿಮ್ಮ ಮಗಳು ಆರಿಸಿಕೊಂಡದ್ದು ಇಂದಿಗೂ ಜೀವಂತವಾಗಿರುವ ವಿವಾದದ ನಡುವಿನ ಉಪಕರಣವನ್ನು.

ಅಪಾಯಗಳನ್ನೂ ಅವಳು ತಿಳಿದಿರಬೇಕು. ಇಂಥ ಉಪಕರಣದ ಡಿಟೆಕ್ಟರ್ ತಾನೇ ಬೆಚ್ಚಗಿದ್ದರೆ ತನ್ನ ಶಾಖವನ್ನೇ ಕಾಣುತ್ತದೆ. ಅದಕ್ಕಾಗಿ ಐಐಆರ್‌ಎಸ್‌ನ ಡಿಟೆಕ್ಟರನ್ನು ಸುಮಾರು 90 ಕೆಲ್ವಿನ್‌ಗೆ, ಅಂದರೆ ಶೂನ್ಯಕ್ಕಿಂತ 183 ಡಿಗ್ರಿ ಕೆಳಗೆ ತಣಿಸುತ್ತಾರೆ. ತಣಿಸುವ ಯಂತ್ರ ಸವೆಯುತ್ತದೆ. ಮಂಗಳದ ಕ್ರಿಸಂನ ಮೂರು ಶೀತಕಗಳೂ ಒಂದೊಂದಾಗಿ ಕೈಕೊಟ್ಟು, ಕೊನೆಗೆ 2023ರಲ್ಲಿ ಉಪಕರಣವನ್ನೇ ಆರಿಸಲಾಯಿತು. ಡಿಟೆಕ್ಟರ್ ಹಳತಾದಂತೆ ಸುಳ್ಳು ತಗ್ಗುಗಳು ಹುಟ್ಟುತ್ತವೆ, ಅವುಗಳನ್ನು ತೊಳೆಯಲು ಬರೆದ ಗಣಕ ಕ್ರಮವೇ ಹೊಸ ಸುಳ್ಳನ್ನು ಹುಟ್ಟಿಸಲೂಬಹುದು. ಮಂಗಳದ ಇಳಿಜಾರುಗಳ ಕಪ್ಪು ಗೆರೆಗಳಲ್ಲಿ ನೀರು ಸೇರಿದ ಲವಣಗಳಿವೆ ಎಂದು ಕ್ರಿಸಂನ ಕೆಲವೇ ಚೌಕಗಳ ಆಧಾರದ ಮೇಲೆ 2015ರಲ್ಲಿ ದೊಡ್ಡ ಸುದ್ದಿಯಾಯಿತು. ಆ ಉಪಕರಣದ ದಾಖಲೆಗಳನ್ನು ಸಂಸ್ಕರಿಸುವಾಗ 1.9 ಮತ್ತು 2.1 ಮೈಕ್ರೋಮೀಟರ್ ಬಳಿ ಅಂಥದ್ದೇ ತಗ್ಗು ಕೃತಕವಾಗಿ ಮೂಡಬಹುದು ಎಂದು 2018ರಲ್ಲಿ ತೋರಿಸಲಾಯಿತು. ಒಂದೆರಡು ಚೌಕಗಳಲ್ಲಿ ಮಾತ್ರ ಕಾಣುವ, ಬೇರೆ ದಿನದ ಚಿತ್ರದಲ್ಲಿ ಕಾಣದ ಯಾವ ಗುರುತನ್ನೂ ನಾನು ಪ್ರಬಂಧದಲ್ಲಿ ಬರೆಯಲು ಬಿಡುವುದಿಲ್ಲ.

ಇದರ ಎದುರಿಗೆ ಒಂದು ಗಟ್ಟಿ ಗೆಲುವನ್ನೂ ಇಡುತ್ತೇನೆ. ಮಾರ್ಸ್ ಗ್ಲೋಬಲ್ ಸರ್ವೇಯರ್‌ನ ಟೆಸ್ ಎಂಬ ಉಷ್ಣ ರೋಹಿತಮಾಪಕ ಮಂಗಳದ ಮೆರಿಡಿಯಾನಿ ಬಯಲಿನಲ್ಲಿ ಬೂದುಬಣ್ಣದ, ದೊಡ್ಡ ಹರಳಿನ ಹೆಮಟೈಟ್ ಇದೆ ಎಂದಿತು. ಸಂಡೂರಿನ ಕಬ್ಬಿಣದ ಅದಿರಿನಲ್ಲಿರುವುದೂ ಇದೇ ಖನಿಜ. ಮಂಗಳವನ್ನು ಕೆಂಪಾಗಿಸುವ ನುಣುಪು ಧೂಳಿನ ಕಬ್ಬಿಣದ ಆಕ್ಸೈಡಿಗಿಂತ ಇದು ಬೇರೆ, ಮತ್ತು ಇದನ್ನು ಗುರುತಿಸಲು 18ರಿಂದ 33 ಮೈಕ್ರೋಮೀಟರ್‌ವರೆಗಿನ ದೂರದ ತಗ್ಗುಗಳು ಬೇಕಾದವು. ಆ ಮಾತನ್ನು ನಂಬಿ 2004ರ ಜನವರಿಯಲ್ಲಿ ಆಪರ್ಚುನಿಟಿ ರೋವರನ್ನು ಅಲ್ಲಿಗೇ ಇಳಿಸಿದರು. ನೆಲದ ಮೇಲೆ ಹೆಮಟೈಟಿನ ಪುಟ್ಟ ಗುಂಡುಗಳು ಹರಡಿದ್ದವು.

ಮಗಳ ಮುಂದೆ ಇರುವ ದಾರಿಗಳಲ್ಲಿ ಸುರಕ್ಷಿತವಾದದ್ದು ಖನಿಜಗಳನ್ನು ಗುರುತಿಸುವುದು: 1 ಮತ್ತು 2 ಮೈಕ್ರೋಮೀಟರಿನ ತಗ್ಗುಗಳಿಂದ ಒಂದು ಕುಳಿಯ ಪೈರಾಕ್ಸೀನ್ ಮತ್ತು ಆಲಿವೀನ್ ನಕ್ಷೆ ಮಾಡುವುದು. ಅಲ್ಲಿ ಶಾಖದ ತೊಡಕು ಕಡಿಮೆ, ಹೋಲಿಸಲು ಚಂದ್ರಯಾನ-1ರ ದಾಖಲೆಯೂ ಇದೆ. ಹೋಲಿಸುವಾಗ 2009ರ ಮೇ ತಿಂಗಳಲ್ಲಿ ಆ ನೌಕೆಯ ಕಕ್ಷೆಯನ್ನು 100ರಿಂದ 200 ಕಿಲೋಮೀಟರಿಗೆ ಏರಿಸಿದ್ದನ್ನು, ಅದರಿಂದ 140 ಮೀಟರಿನ ಚೌಕ 280 ಮೀಟರ್ ಆದದ್ದನ್ನು ಮರೆಯಬಾರದು. 3 ಮೈಕ್ರೋಮೀಟರಿನ ನೀರನ್ನೇ ಹಿಡಿಯುವ ಆಸೆಯಿದ್ದರೆ ಫಲ ದೊಡ್ಡದು, ಆದರೆ ಶಾಖ ಕಳೆಯುವ ವಿಧಾನವನ್ನು ಸ್ವತಃ ಅರ್ಥ ಮಾಡಿಕೊಳ್ಳುವುದಕ್ಕೇ ಒಂದು ಸೆಮಿಸ್ಟರ್ ಹೋಗಬಹುದು. ಅದಕ್ಕೆ ಸಮಯವಿಲ್ಲದಿದ್ದರೆ ಒಂದೇ ಜಾಗದ ಬೆಳಗಿನ ಮತ್ತು ಮಧ್ಯಾಹ್ನದ ಚಿತ್ರಗಳಿಗೆ ಎರಡು ಬೇರೆ ವಿಧಾನ ಹಾಕಿ, ಉತ್ತರ ಎಷ್ಟು ಬದಲಾಗುತ್ತದೆ ಎಂಬುದನ್ನೇ ಪ್ರಾಜೆಕ್ಟಿನ ವಿಷಯ ಮಾಡಿಕೊಳ್ಳಲಿ. ನನ್ನ ಆಯ್ಕೆ ಇದೇ ಆಗುತ್ತಿತ್ತು. ದಾಖಲೆಗಳು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದ ‘ಪ್ರದಾನ್’ ಜಾಲತಾಣದಲ್ಲಿ, ಹೆಸರು ನೋಂದಾಯಿಸಿಕೊಂಡರೆ ಉಚಿತವಾಗಿ ಸಿಗುತ್ತವೆ.

ಕಲ್ಲು ಮುಟ್ಟದ ಪ್ರಾಜೆಕ್ಟ್ ಎಂಬ ನಿಮ್ಮ ಕೊರಗಿಗೂ ಪರಿಹಾರವಿದೆ. ಚಂದ್ರನ ರೋಹಿತವನ್ನು ಓದಲು ಹೋಲಿಕೆಗೆ ಭೂಮಿಯ ಕಲ್ಲುಗಳ ರೋಹಿತ ಬೇಕೇ ಬೇಕು. ರಜೆಗೆ ಊರಿಗೆ ಬಂದಾಗ ಹೊಲದ ಬದುವಿನಲ್ಲಿ ಬಿದ್ದಿರುವ ಹಸಿರು ಛಾಯೆಯ ಹಳೆಯ ಲಾವಾ ಶಿಲೆ, ಬೆಣಚುಕಲ್ಲು, ಒಂದಿಷ್ಟು ಎರೆ ಮತ್ತು ಮಸಾರಿ ಮಣ್ಣನ್ನು ಹೊಲದಲ್ಲಿ ಸಿಕ್ಕ ಜಾಗದ ಗುರುತು ಸಹಿತ ಚೀಲಗಳಲ್ಲಿ ತುಂಬಿಕೊಂಡು ಹೋಗಲಿ. ಗುಡ್ಡದೊಳಗಿನ ಕಲ್ಲು ಬೇಡ, ಅದು ವನ್ಯಜೀವಿ ಧಾಮ. ಪುಡಿ ಮಾಡಿ, ಜರಡಿ ಹಿಡಿದು, ಕಣದ ಗಾತ್ರ ಬದಲಾದಂತೆ ತಗ್ಗಿನ ಆಳ ಹೇಗೆ ಬದಲಾಗುತ್ತದೆ ಎಂದು ಅಳೆಯಲಿ. ಬೆಣಚುಕಲ್ಲು 2.5 ಮೈಕ್ರೋಮೀಟರ್‌ವರೆಗೆ ಏನನ್ನೂ ಹೇಳದೆ ಸುಮ್ಮನಿರುವುದನ್ನು, ಉಷ್ಣ ಅವಕೆಂಪಿನ 8-9ರ ಬಳಿ ಗಟ್ಟಿಯಾಗಿ ಮಾತನಾಡುವುದನ್ನು ಅವಳೇ ಕಾಣಲಿ. ಧಾರವಾಡದಲ್ಲಿ ಅಂಥ ರೋಹಿತಮಾಪಕ ಕೈಗೆ ಸಿಗದಿದ್ದರೆ, ಯಾವ ಸಂಸ್ಥೆಗೆ ಮಾದರಿ ಕಳಿಸಬಹುದೆಂದು ಮಾರ್ಗದರ್ಶಕರನ್ನು ವಿಷಯ ಅಂತಿಮಗೊಳಿಸುವ ಮೊದಲೇ ಕೇಳಬೇಕು. ಅನುಮತಿ ಮತ್ತು ಸರದಿಗೆ ತಿಂಗಳುಗಳೇ ಹಿಡಿಯುವುದುಂಟು.